ಗೆರೆ ಎಳೆದರೆ ಕ್ರಿಮಿ ದಾಟಲ್ಲ

ಮೊನ್ನೆ ಬೆಳಿಗ್ಗೆ ಐದೂವರೆಗೇ ನಮ್ಮ ಓಣಿಯಲ್ಲಿ ಗದ್ದಲ. ಬಾಗಿಲು ತೆಗೆದು ನೋಡಿದರೆ ಟ್ರ್ಯಾಕ್ಟರಿನಲ್ಲಿ ನಾಲ್ಕು ಚೀಲ, ಕೆಳಗೆ ಮೂರು ಜನ. ಒಬ್ಬ ತಗಡಿನ ಬುಟ್ಟಿಯಲ್ಲಿ ಬಿಳಿ ಬ್ಲೀಚಿಂಗ್ ಪೌಡರ್ ತುಂಬಿಕೊಂಡು ರಸ್ತೆಯ ಅಂಚಿಗೆ ಗೆರೆ ಹಾಕುತ್ತಾ ಹೊರಟಿದ್ದ. ಮೂಗಿಗೆ ಟವೆಲ್, ಕೈಗೆ ಏನೂ ಇಲ್ಲ. ಗೆರೆ ಎಷ್ಟು ನೆಟ್ಟಗಿತ್ತೆಂದರೆ, ಕಟ್ಟೆ ಮೇಲೆ ಕೂತು ಹಲ್ಲುಜ್ಜುತ್ತಿದ್ದ ಪಕ್ಕದ ಮನೆ ಕಾಕಾ, "ಏನ್ ತಮ್ಮಾ, ಕ್ರಿಕೆಟ್ ಮ್ಯಾಚ್ ಐತೇನು?" ಅಂತ ಕೇಳಿದರು.

"ಮಿನಿಸ್ಟ್ರು ಬರ್ತಾರ್ರೀ ಕಾಕಾ, ಹನ್ನೊಂದಕ್ಕ."

ಕಾಕಾ ಬಾಯಿ ಮುಕ್ಕಳಿಸಿ ಉಗಿದರು. ಗೆರೆಯ ಮೇಲೆ ಬೀಳದ ಹಾಗೆ, ಜೋಪಾನವಾಗಿ.

ಕ್ರಿಮಿಗಳನ್ನು ಹತೋಟಿಯಲ್ಲಿಡಲು ಎರಡು ದಾರಿ ಇವೆ ಅಂತ ಶಾಲೆಯಲ್ಲಿ ಓದಿದ್ದೆ. ಒಂದು ಭೌತಿಕ: ಕುದಿಸು, ಒಣಗಿಸು, ಸೋಸು. ಇನ್ನೊಂದು ರಾಸಾಯನಿಕ: ಕ್ಲೋರಿನ್, ಸ್ಪಿರಿಟ್, ಫಿನಾಯಿಲ್. ರಾಯಚೂರು ಜಿಲ್ಲೆಯ ನಮ್ಮೂರಲ್ಲಿ ಮೂರನೇದೊಂದಿದೆ, ಪುಸ್ತಕದವರಿಗೆ ಅದಿನ್ನೂ ಗೊತ್ತಾಗಿಲ್ಲ. ಆಡಳಿತಾತ್ಮಕ ವಿಧಾನ ಅಂತ ಬೇಕಾದರೆ ಕರೆಯಿರಿ. ಇದರಲ್ಲಿ ಕ್ರಿಮಿಯನ್ನು ಮುಟ್ಟೋದೇ ಇಲ್ಲ. ಗೆರೆ ಎಳೀತೀವಿ. ಅದು ನೋಡಿ, ಹೆದರಿ, ತಾನೇ ವಾಪಸ್ ಹೋಗಬೇಕು. ಲಕ್ಷ್ಮಣ ಎಳೆದದ್ದನ್ನು ರಾವಣನಿಗೇ ದಾಟಲಾಗಲಿಲ್ಲ, ಇವು ಎಷ್ಟರವು?

ಹಾಗೆ ನೋಡಿದರೆ ಈ ಬ್ಲೀಚಿಂಗ್ ಪೌಡರ್ ಹುಟ್ಟಿದ್ದೇ ಬೆಳ್ಳಗೆ ಮಾಡೋಕೆ. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಸುಣ್ಣಕ್ಕೆ ಕ್ಲೋರಿನ್ ಹಾಯಿಸಿ ಪೇಟೆಂಟ್ ತಗೊಂಡಾಗ ಅವನ ತಲೆಯಲ್ಲಿ ಇದ್ದದ್ದು ಬಟ್ಟೆ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮೆಲ್ವೈಸ್ ಅನ್ನೋ ಡಾಕ್ಟರು ಇದೇ ಜಾತಿಯ ಸುಣ್ಣದ ನೀರಲ್ಲಿ ಕೈ ತೊಳೆದುಕೊಂಡೇ ಒಳಗೆ ಬನ್ನಿ ಅಂತ ಕಡ್ಡಾಯ ಮಾಡಿದ. ಬಾಣಂತಿಯರ ಸಾವು ಸರ್ರನೆ ಇಳಿಯಿತು. ದೊಡ್ಡ ಡಾಕ್ಟರುಗಳು ಅವನನ್ನು ನಂಬಲಿಲ್ಲ, ಅದು ಬೇರೆ ಕಥೆ. ನಾವಂತೂ ವಿಯೆನ್ನಾ ಬಿಟ್ಟು ವಾಪಸ್ ಟೆನೆಂಟ್ ಮನೆಗೇ ಬಂದಿದ್ದೇವೆ. ಬಟ್ಟೆಯ ಬದಲು ರಸ್ತೆ.

ಟ್ರ್ಯಾಕ್ಟರಿನ ಹತ್ತಿರ ಹೋಗಿ ಒಂದು ಚಿಟಿಕೆ ಪುಡಿ ತಗೊಂಡು ಮೂಸಿ ನೋಡಿದೆ. ತಾಜಾ ಪುಡಿಯಾದರೆ ಮೂಗು ಕಟ್ಟಬೇಕು, ಕಣ್ಣು ಉರಿಯಬೇಕು. ಇದು ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯ ಹಾಗೆ ತಣ್ಣಗಿತ್ತು. ಚೀಲದ ಬಾಯಿ ಯಾವಾಗಿಂದ ತೆರೆದಿದೆ ಅಂತ ಕೇಳಿದೆ. "ಹೋದ ಸಲ ಮಿನಿಸ್ಟ್ರು ಬಂದಾಗಿಂದ್ರಿ" ಅಂದ. ಒಳ್ಳೆ ಪುಡಿಯಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ನೂರಕ್ಕೆ 33ರಷ್ಟು ಇರುತ್ತದೆ. ಗಾಳಿ, ಬೆಳಕು, ತೇವ ತಾಗಿದರೆ ದಿನದಿನಕ್ಕೂ ಹಾರಿಹೋಗುತ್ತದೆ. ನಮ್ಮ ಬಿಸಿಲಲ್ಲಿ ಬಾಯಿ ತೆರೆದು ಮಲಗಿದ ಚೀಲದಲ್ಲಿ ಉಳಿಯೋದು ಸುಣ್ಣ ಮತ್ತು ಸ್ಟಾಕ್ ರಿಜಿಸ್ಟರಿನ ಲೆಕ್ಕ. ಅಕಸ್ಮಾತ್ ಜೀವ ಇದ್ದರೂ ಗೆರೆ ಬಿದ್ದಿರೋದು ಸಗಣಿ, ಚರಂಡಿ ಕೆಸರಿನ ಮೇಲೆ. ಅಲ್ಲಿ ಕ್ಲೋರಿನ್ ಮೊದಲು ಸಗಣಿಗೇ ಖರ್ಚಾಗುತ್ತದೆ. ಕ್ರಿಮಿಯ ಪಾಳಿ ಬರೋ ಹೊತ್ತಿಗೆ ಜೇಬು ಖಾಲಿ.

ಸುಮ್ನೆ ಒಂದು ಲೆಕ್ಕ ಹಾಕಿದೆ. ತಿಳಿ ನೀರಾದರೆ ಸಾವಿರ ಲೀಟರಿಗೆ ಒಳ್ಳೆ ಪುಡಿ ಸುಮಾರು ಎರಡೂವರೆ ಗ್ರಾಂ ಸಾಕು. ಐವತ್ತು ಸಾವಿರ ಲೀಟರಿನ ಟ್ಯಾಂಕಿಗೆ 125 ಗ್ರಾಂ, ಅಂದರೆ ಅರ್ಧ ಪಾವ್ ಕೆಜಿ. 25 ಕೆಜಿಯ ಒಂದು ಚೀಲದಲ್ಲಿ ಅಂಥ ಟ್ಯಾಂಕನ್ನು ಇನ್ನೂರು ಸಲ ಶುದ್ಧ ಮಾಡಬಹುದು. ಪುಡಿ ಹಾಕಿ ಅರ್ಧ ಗಂಟೆಯಾದರೂ ಬಿಡಬೇಕು, ನಳದಲ್ಲಿ ಬರುವ ನೀರಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದಿಷ್ಟನ್ನು ನೀರು ಬಿಡುವ ಹುಡುಗನಿಗೆ ಹೇಳಿ, "ಟ್ಯಾಂಕಿಗೆ ಹಾಕ್ತೀರೇನಪಾ?" ಅಂದೆ.

ಅವನು ನನ್ನನ್ನು ಪಾಪ ಅನ್ನೋ ಹಾಗೆ ನೋಡಿದ. "ಸರ, ಟ್ಯಾಂಕ್ ಹತ್ತಿ ಯಾರ್ ನೋಡ್ತಾರ್ರಿ? ಮಿನಿಸ್ಟ್ರು ರೋಡಿನ ಮ್ಯಾಲ ಬರ್ತಾರ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಂತ ಟ್ಯಾಂಕನ್ನು ಮರೆತಿದ್ದಾರೆ ಅಂತಲ್ಲ. ಅದರ ಕಂಬದ ಮೇಲೆ ಆಳೆತ್ತರದಲ್ಲಿ ಹಳದಿ ಪಟ್ಟಿ ಬಳಿದು "ಟ್ಯಾಂಕ್ ತೊಳೆದ ದಿನಾಂಕ" ಅಂತ ಬರೆದಿದ್ದಾರೆ. ಅವತ್ತು ಅಲ್ಲೊಬ್ಬ ಪೇಂಟರ್ ಕೂತು ಹಳೇ ತಾರೀಕಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಚೆನ್ನಾಗಿ ತಿಕ್ಕಿ, ಮೂಲೆಮೂಲೆ ಬಿಡದೆ. ಹೋದ ವರ್ಷವೂ ತೊಳೆದಿದ್ದು ತಾರೀಕನ್ನೇ. ಮೇಲೆ ಹೋಗುವ ಏಣಿಯ ಕೆಳಗಿನ ಮೂರು ಮೆಟ್ಟಿಲು ತುಕ್ಕು ತಿಂದು ಉದುರಿವೆ, ಮೇಲುಗಡೆ ಹೆಜ್ಜೇನು ಕಟ್ಟಿದೆ. ಮುಚ್ಚಳ ಇದೆಯೋ ಇಲ್ಲವೋ ಪಾರಿವಾಳಗಳನ್ನು ಕೇಳಬೇಕು.

ಒಮ್ಮೆ ಧೈರ್ಯ ಮಾಡಿ ಕಚೇರಿಗೂ ಹೋಗಿದ್ದೆ. ಬಾಗಿಲಲ್ಲಿ ಕೊರೊನಾ ಕಾಲದ ಕಾಲಲ್ಲಿ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡು. ಬಾಟಲಿ ಒಣಗಿ ವರ್ಷಗಳಾಗಿವೆ, ಆಯುಧಪೂಜೆಯ ಕುಂಕುಮ ಮಾತ್ರ ಹೊಸದು. ನೀರಲ್ಲಿ ಕ್ಲೋರಿನ್ ಇದೆಯಾ ಅಂತ ನೋಡುವ ಕಿಟ್ ಕೇಳಿದೆ. ಎರಡು ಹನಿ ಹಾಕಿದರೆ ನೀರು ಹಳದಿಯಾಗುತ್ತಲ್ಲ, ಅದು. ಬೀರುವಿನಲ್ಲಿ ಭದ್ರವಾಗಿದೆಯಂತೆ, ಸೀಲ್ ಕೂಡ ಒಡೆದಿಲ್ಲವಂತೆ. ಇಡೀ ಊರಲ್ಲಿ ಕ್ರಿಮಿ ಹೋಗದ ಜಾಗ ಅದೊಂದೇ ಇರಬೇಕು.

"ಯಾಕ್ ಅಷ್ಟು ಚಿಂತಿ ಮಾಡ್ತೀರಿ? ನಮ್ಮ ಬಿಸಿಲಿಗೆ ಯಾವ ಕ್ರಿಮಿ ಉಳೀತೈತ್ರಿ?" ಅಂದರು ಸಾಹೇಬರು, ಫ್ಯಾನಿನ ಕೆಳಗೆ ಕೂತು.

ಇದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರೋ ಮಾತು. ಮೇ ತಿಂಗಳಲ್ಲಿ 42, 43 ಡಿಗ್ರಿ ಅಂದರೆ ನಾವೇ ಸಾಯ್ತೀವಿ, ಅವು ಬದುಕ್ತಾವಾ ಅಂತ. ಆದರೆ ಹಾಲಿನ ಕ್ರಿಮಿ ಸಾಯಬೇಕಾದರೇ 63 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಕು. ಆಸ್ಪತ್ರೆಯಲ್ಲಿ ಕತ್ತರಿ-ಚಿಮಟ ಹಬೆಯಲ್ಲಿ ಬೇಯಿಸೋ ಆಟೋಕ್ಲೇವಿನಲ್ಲಿ 121 ಡಿಗ್ರಿ, ಹದಿನೈದು ನಿಮಿಷ. ತಮಾಷೆ ಏನು ಗೊತ್ತಾ? ನೀರಲ್ಲಿ ಮಲದ ಬ್ಯಾಕ್ಟೀರಿಯಾ ಇದೆಯಾ ಅಂತ ಪರೀಕ್ಷೆ ಮಾಡುವಾಗ ಲ್ಯಾಬಿನವರು ಅದನ್ನು ಬೆಳೆಸೋದೇ 44.5 ಡಿಗ್ರಿಯಲ್ಲಿ. ಅದಕ್ಕಾಗಿ ಕರೆಂಟು ಸುಟ್ಟು ಪೆಟ್ಟಿಗೆ ಬಿಸಿ ಮಾಡ್ತಾರೆ ಪಾಪ. ನಮ್ಮೂರಿಗೆ ಬಂದಿದ್ದರೆ ಮೇ ತಿಂಗಳಲ್ಲಿ ಕಿಟಕಿ ತೆರೆದರೆ ಹೆಚ್ಚೂಕಡಿಮೆ ಮುಗೀತಿತ್ತು.

ನಗಬಹುದು ಬಿಡಿ. ಆದರೆ 2022ರಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನೀರು ಕುಡಿದು ಜನ ಸತ್ತಿದ್ದಾರೆ. ಅದು ಶುರುವಾಗಿದ್ದು ಸುಡುಬಿಸಿಲಿನ ಮೇ ಕೊನೆಯಲ್ಲೇ.

ನಮ್ಮವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಮಾವಿನಕಾಯಿ ಉಪ್ಪಿನಕಾಯಿ ಬರಣಿಯ ಹತ್ತಿರ ಹೋದರೆ ಸಾಕು, "ಹಸಿ ಚಮಚ ಹಾಕಿದ್ರ ಕೈ ಮುರೀತೀನಿ ನೋಡು" ಅಂತಾಳೆ. ಉಪ್ಪು ಕ್ರಿಮಿಯ ಮೈಯಲ್ಲಿರೋ ನೀರನ್ನೇ ಎಳೆದು ಹಾಕುತ್ತದೆ. ಹಸಿ ಚಮಚ ಬಿದ್ದರೆ ಅಲ್ಲಿ ಉಪ್ಪು ತೆಳ್ಳಗಾಗಿ ಬೂಷ್ಟು ಹಿಡಿಯುತ್ತದೆ. ಅವಳ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡೋದಿಲ್ಲ, ನೀರಿನ ಪಸೆ ಇಲ್ಲದಲ್ಲಿ ಕ್ರಿಮಿಗೆ ಸಂಸಾರ ಹೂಡೋಕಾಗಲ್ಲ. ಬರಣಿ ಮೇಲೆ ಅವಳು ಯಾವತ್ತೂ ತಾರೀಕು ಬರೆದಿಲ್ಲ.

ಹನ್ನೊಂದಕ್ಕೆ ಬರಬೇಕಾದ ಮಿನಿಸ್ಟ್ರು ಮೂರಕ್ಕೆ ಬಂದರು. ಆರು ಕಾರು, ಅರ್ಧ ನಿಮಿಷ. ಗಾಜು ಕೂಡ ಇಳಿಯಲಿಲ್ಲ. ಎದ್ದ ಬಿಳಿ ಧೂಳು ಕಾಕಾನ ಚಹಾದಲ್ಲಿ ಬಿತ್ತು. ಅವರು ಲೋಟದೊಳಗೆ ಇಣುಕಿ ನೋಡಿ, "ಕಡೀಗೂ ಒಂದೀಟು ನನ್ನ ಹೊಟ್ಟಿಗರ ಬಂತಲ್ಲ" ಅಂತ ಕುಡಿದೇಬಿಟ್ಟರು.

ಸಂಜೆ ನಳ ಬಂದಾಗ ಕೊಡ ಹಿಡಿದು ಟ್ಯಾಂಕಿನ ಕಡೆ ಹೋದೆ. ಪೇಂಟರ್ ಡಬ್ಬಿ ತೊಳೆಯುತ್ತಿದ್ದ. ಹಳದಿ ಪಟ್ಟಿಯ ಮೇಲೆ ಅವತ್ತಿನ ತಾರೀಕು ಹೊಳೀತಿತ್ತು. ಅದರ ಕೆಳಗೆ ಮುಂದಿನ ತಿಂಗಳದ್ದು, ಅದರ ಕೆಳಗೆ ಇನ್ನೊಂದು, ಮತ್ತೊಂದು.

"ಇದೇನಪಾ?"

"ಬಣ್ಣ ಉಳಿದಿತ್ರಿ ಸರ" ಅಂದ. "ದೀಪಾವಳಿ ತನಕ ತೊಳೆದು ಮುಗಿಸೀನಿ."