ಗಂಟಲು ವಾಸಿಯಾದ ಮೇಲೂ ಮೂರು ತಿಂಗಳು ಕಣ್ಣಿಟ್ಟಿರಿ

ಗಂಟಲುಮಾರಿ (ಡಿಫ್ತೀರಿಯಾ) ಬಂದು ಹೋದ ಮಕ್ಕಳಿರುವ ಮನೆಯವರು ದಯವಿಟ್ಟು ಇದನ್ನು ಓದಿ.

ನಮ್ಮಕ್ಕನ ಮಗನಿಗೆ 7 ವರ್ಷ. ಡಿಫ್ತೀರಿಯಾ ಆಗಿ ಆಸ್ಪತ್ರೆ ಸೇರಿದ್ದ. ರೋಗಾಣುವಿನ ವಿಷ ತಡೆಯುವ ಆಂಟಿಟಾಕ್ಸಿನ್, ಜೊತೆಗೆ ಪೆನಿಸಿಲಿನ್ ಕೊಟ್ಟರು. ಗಂಟಲಲ್ಲಿ ಕಟ್ಟಿದ್ದ ಬೂದು ಪೊರೆ ಹೋಯ್ತು. ಮನೆಗೆ ಬಂದ, ಎಲ್ಲರೂ ಉಸ್ಸಪ್ಪಾ ಅಂದೆವು. ಮೂರನೇ ವಾರ ಒಂದು ಬೆಳಿಗ್ಗೆ, ಕುಡಿದ ಹಾಲು ಮೂಗಿನಿಂದ ಇಳಿಯಿತು. ಆತುರಕ್ಕೆ ನೆತ್ತಿಗೇರಿರಬೇಕು ಅಂತ ಅಕ್ಕ ಬೆನ್ನು ತಟ್ಟಿದಳು. ಮಾತೂ ಬದಲಾಗಿತ್ತು. ಬಾಳೆಹಣ್ಣು ಅಂದರೆ 'ಮಾಳೆಹಣ್ಣು' ಅಂತ ಕೇಳಿಸುತ್ತಿತ್ತು. ಶೀತ ಇರಬಹುದು ಅಂತ ಸುಮ್ನಿದ್ದೆವು. ಎರಡು ದಿನ ಹಾಗೇ ಹೋಯ್ತು. ಆ ಎರಡು ದಿನ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈ ರೋಗಾಣುವಿನ ವಿಷ ನರಗಳ ಮೇಲಿನ ಹೊದಿಕೆಯನ್ನೇ ಕೆಡಿಸುತ್ತದಂತೆ. ಸಾಮಾನ್ಯವಾಗಿ ಮೊದಲು ಅಂಗುಳ ಸೋಲುತ್ತದೆ. ಅದು ಮೇಲೆದ್ದು ಮೂಗಿನ ದಾರಿ ಮುಚ್ಚದಿದ್ದರೆ ಕುಡಿದದ್ದು ಮೂಗಿಗೆ ಬರುತ್ತದೆ, ಶ್ವಾಸಕೋಶಕ್ಕೂ ಇಳಿಯಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ಮೂಗಿನಲ್ಲಿ ನಳಿಕೆ ಹಾಕಿ ಗಂಜಿ, ಹಾಲು ಕೊಟ್ಟರು. ಐದನೇ ವಾರ ಕಣ್ಣಿನ ಸರದಿ. ಗೋಡೆಯ ಕ್ಯಾಲೆಂಡರಿನ ತಾರೀಖು ಓದುತ್ತಿದ್ದ ಹುಡುಗ, ಕೈಯಲ್ಲಿದ್ದ ಪುಸ್ತಕ ನೋಡಿ "ಮಾಮ, ಅಕ್ಷರ ಎಲ್ಲಾ ಮಂಜು" ಅಂದ. ಏಳನೇ ವಾರಕ್ಕೆ ನೆಲದಿಂದ ಏಳಲು ಗೋಡೆ ಹಿಡಿಯಬೇಕಾಯ್ತು.

"ಮತ್ತೆ ಆಂಟಿಟಾಕ್ಸಿನ್ ಕೊಡಿ ಡಾಕ್ಟ್ರೇ" ಅಂತ ನಾನೇ ಅಂಗಲಾಚಿದ್ದೆ. ನರದೊಳಗೆ ಸೇರಿಬಿಟ್ಟ ವಿಷಕ್ಕೆ ಅದು ನಾಟುವುದಿಲ್ಲ ಅಂದರು. ರಕ್ತದಲ್ಲಿ ಓಡಾಡುವ ವಿಷವನ್ನಷ್ಟೇ ಅದು ತಡೆಯೋದು. ಅದಕ್ಕೇ ಲ್ಯಾಬ್ ರಿಪೋರ್ಟಿಗೂ ಕಾಯದೆ, ಅನುಮಾನ ಬಂದ ದಿನವೇ ಅದನ್ನು ಕೊಡಬೇಕು. ನರ ಸೋತ ಮೇಲೆ ಉಳಿಯೋದು ಆರೈಕೆ, ಕಾವಲು. ಹೃದಯಕ್ಕೂ ಇದೇ ವಿಷ ತಗಲುವುದರಿಂದ ಇಸಿಜಿ ಮಾಡುತ್ತಲೇ ಇದ್ದರು. ಉಸಿರಾಟದ ಸ್ನಾಯು ಸೋತರೆ ವೆಂಟಿಲೇಟರ್ ಬೇಕಾಗುತ್ತದೆ. ನಮಗೆ ಅಲ್ಲಿಯವರೆಗೆ ಹೋಗಲಿಲ್ಲ. ಬದುಕಿ ಉಳಿದವರಲ್ಲಿ ಹೆಚ್ಚಿನವರಿಗೆ ನರ ತಾನೇ ಮತ್ತೆ ಸರಿಹೋಗುತ್ತದೆ, ಆದರೆ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಆ ಮಾತು ನಮ್ಮನ್ನು ಎಷ್ಟು ರಾತ್ರಿ ಕಾಪಾಡಿತೋ!

ತಾಯಿ ಕಾರ್ಡ್ ತೆಗೆದು ನೋಡಿದೆವು. ಒಂದೂವರೆ ವರ್ಷದ ಬೂಸ್ಟರ್ ಆಗಿತ್ತು. 5 ವರ್ಷದ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಜಾಗ ಖಾಲಿ. ಶಾಲೆ ಸೇರಿಸುವ ಗಡಿಬಿಡಿಯಲ್ಲಿ ನಾವೇ ಮರೆತಿದ್ದೆವು. ನಿಮ್ಮ ಮನೆಯ ಕಾರ್ಡನ್ನೂ ಇವತ್ತೇ ತೆಗೆದು ನೋಡಿ. 10 ಮತ್ತು 16 ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲುಮಾರಿ ಲಸಿಕೆ) ಇರುತ್ತದೆ, ಅದನ್ನೂ ಬಿಡಬೇಡಿ. ಒಮ್ಮೆ ರೋಗ ಬಂದು ಹೋದವರಿಗೂ ಲಸಿಕೆ ಬೇಕು. ರೋಗ ಬಂದರೆ ಸಾಕಷ್ಟು ರಕ್ಷಣೆ ಸಿಗುತ್ತದೆ ಅಂತ ನಂಬುವ ಹಾಗಿಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮ ದಿನಾ ಅವನಿಗೆ ಒಂದು ಆಟ ಆಡಿಸುತ್ತಿದ್ದರು. ಒಂದೇ ಉಸಿರಿಗೆ ಎಷ್ಟು ಎಣಿಸ್ತೀಯ ಪುಟ್ಟಾ, ಅಂತ. ಉಸಿರಿನ ಬಲ ಅಳೆಯುವ ಉಪಾಯ ಅದು. ಆಗ 9ಕ್ಕೆ ನಿಲ್ಲುತ್ತಿತ್ತು. ನಿನ್ನೆ ಫೋನಿನಲ್ಲಿ ನನಗೆ 26ರ ತನಕ ಎಣಿಸಿ ತೋರಿಸಿದ.