ಗಡಿ ತೆರೆಯಲಿ, ಆದರೆ ಅದರ ಬೆಲೆ ತೆರುವವರು ಬೆಳೆಗಾರರಷ್ಟೇ ಆಗಬಾರದು

ಅಡಿಕೆ ತೋಟ ಇಟ್ಟುಕೊಂಡವರು ನೆರೆ ದೇಶಗಳ ಜೊತೆ ವ್ಯಾಪಾರ ಮುಕ್ತವಾಗಲಿ ಅಂದರೆ ನಮ್ಮ ಕಡೆ ಯಾರೂ ಮೆಚ್ಚುವುದಿಲ್ಲ. ಭೂತಾನ್ ಅಡಿಕೆ, ಶ್ರೀಲಂಕಾ ಮೆಣಸು ಅಂತ ಹೆಸರೆತ್ತಿದರೇ ಮಂಡಿಯಲ್ಲಿ ಮುಖ ಬಿಗಿಯುತ್ತದೆ. ಆ ಸಿಟ್ಟಿಗೆ ಕಾರಣ ಇದೆ, ಅದನ್ನೂ ಬರೆಯುತ್ತೇನೆ. ಆದರೆ ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಭಾರತ, ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ ಈಗಿರುವುದಕ್ಕಿಂತ ಬಹಳ ಹತ್ತಿರ ಬರಬೇಕು. ಸರಕು ಓಡಾಡಬೇಕು, ಕರೆಂಟ್ ಓಡಾಡಬೇಕು, ಓದುವ ಮಕ್ಕಳು ಓಡಾಡಬೇಕು. ಒಂದೇ ನೋಟು, ಒಂದೇ ಸರ್ಕಾರ ಅನ್ನುವ ಮಾತು ಮಾತ್ರ ಬೇಡ. ಮತ್ತೆ, ಗಡಿ ತೆರೆದಾಗ ನಷ್ಟ ಆಗುವವರಿಗೆ ಮೊದಲೇ ದಾರಿ ಮಾಡಿಡಬೇಕು.

ಯುರೋಪಿನವರನ್ನು ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಅವರು ಎಷ್ಟು ನಿಧಾನವಾಗಿ ಹೋದರು ಅನ್ನುವುದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಫ್ರಾನ್ಸ್ ಮತ್ತು ಜರ್ಮನಿ 1870ರಿಂದ 1945ರ ಒಳಗೆ ಮೂರು ದೊಡ್ಡ ಯುದ್ಧ ಮಾಡಿದ್ದವು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್ ಮುಂದಿಟ್ಟದ್ದು ಒಂದೇ ಒಂದು ಕೆಲಸ: ಎರಡೂ ದೇಶಗಳ ಕಲ್ಲಿದ್ದಲು, ಉಕ್ಕು ಒಂದೇ ಮಂಡಳಿಯ ಕೈಗೆ ಹೋಗಲಿ. ಯುದ್ಧಕ್ಕೆ ಬೇಕಾದ ಸಾಮಾನೇ ಅವೆರಡು. ಅದು ಒಬ್ಬರ ಕೈಯಲ್ಲೇ ಇರದಿದ್ದರೆ ಇನ್ನೊಬ್ಬರ ಮೇಲೆ ಏರಿ ಹೋಗುವುದು ಕಷ್ಟ. 1951ರಲ್ಲಿ ಆರು ದೇಶಗಳು ಸಹಿ ಹಾಕಿದವು. ಯುರೋ ನೋಟು ಜನರ ಕೈಗೆ ಬಂದದ್ದು 2002ರಲ್ಲಿ. ನಡುವೆ ಅರ್ಧ ಶತಮಾನ ಇದೆ.

ನಮ್ಮಲ್ಲೂ ಶುರುವಾಗಿತ್ತು. 1985ರ ಡಿಸೆಂಬರ್‌ನಲ್ಲಿ ಢಾಕಾದಲ್ಲಿ ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ ಸಾರ್ಕ್ ಹುಟ್ಟಿತು. ಎರಡನೇ ಸಮ್ಮೇಳನ ಮರುವರ್ಷ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 2006ರಲ್ಲಿ ಸಾಫ್ಟಾ ಅನ್ನುವ ಮುಕ್ತ ವ್ಯಾಪಾರ ಒಪ್ಪಂದವೂ ಜಾರಿಗೆ ಬಂತು. ಆದರೆ 2014ರ ಕಠ್ಮಂಡು ಸಮ್ಮೇಳನದ ನಂತರ ನಾಯಕರು ಒಟ್ಟಿಗೆ ಕೂತೇ ಇಲ್ಲ. 2016ರಲ್ಲಿ ಇಸ್ಲಾಮಾಬಾದ್‌ನಲ್ಲಿ ಆಗಬೇಕಿದ್ದದ್ದು ಕಾಶ್ಮೀರದ ಉರಿ ಸೇನಾ ನೆಲೆಯ ಮೇಲಿನ ದಾಳಿಯ ನಂತರ ರದ್ದಾಯಿತು. ದಕ್ಷಿಣ ಏಷ್ಯಾದ ದೇಶಗಳು ಮಾಡುವ ಒಟ್ಟು ವ್ಯಾಪಾರದಲ್ಲಿ ಪರಸ್ಪರರ ನಡುವೆ ನಡೆಯುವುದು ಶೇಕಡಾ 5ರ ಆಸುಪಾಸು ಮಾತ್ರ. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳಲ್ಲಿ ಅದು ಕಾಲು ಭಾಗದ ಹತ್ತಿರ. ಪಕ್ಕದ ಮನೆಯವರ ಜೊತೆ ವ್ಯವಹಾರವೇ ಇಲ್ಲದೆ ದೂರದ ಪೇಟೆಗೆ ಹೋಗಿ ಬರುತ್ತಿದ್ದೇವೆ.

ಈಗ ಮೆಣಸಿನ ವಿಷಯಕ್ಕೆ ಬರುತ್ತೇನೆ. ಮಲೆನಾಡಿನಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಅಂದರೆ ಸಣ್ಣ ಆಸರೆ ಅಲ್ಲ. ಕೊಳೆ ರೋಗ ಬಂದು ಅಡಿಕೆ ಉದುರಿದ ವರ್ಷ ಮಕ್ಕಳ ಫೀಸು ಕಟ್ಟಿದ್ದು, ಸೊಸೈಟಿ ಸಾಲದ ಕಂತು ತೀರಿಸಿದ್ದು ಮೆಣಸು. 2016ರ ಸುಮಾರಿಗೆ ಕಿಲೋಗೆ 700 ರೂಪಾಯಿ ಮುಟ್ಟಿದ ಬೆಲೆ ಎರಡು ಮೂರು ವರ್ಷದಲ್ಲಿ ಅರ್ಧದ ಹತ್ತಿರಕ್ಕೆ ಇಳಿಯಿತು. ಕಾರಣ ಒಂದೇ ಅಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂನಲ್ಲಿ ಬೆಳೆ ಜಾಸ್ತಿ ಆಗಿ ಎಲ್ಲ ಕಡೆ ಬೆಲೆ ಬಿದ್ದಿತ್ತು. ಆದರೆ ಆ ಮೆಣಸು ನಮ್ಮ ಮಾರುಕಟ್ಟೆಗೆ ನುಗ್ಗಿದ ದಾರಿ ನೋಡಬೇಕು. ಹೊರ ದೇಶದ ಮೆಣಸಿಗೆ ನಮ್ಮ ಸಾಮಾನ್ಯ ಆಮದು ಸುಂಕ ಶೇಕಡಾ 70. ಶ್ರೀಲಂಕಾದಿಂದ ಬಂದರೆ ಒಪ್ಪಂದದ ಪ್ರಕಾರ ಬಹಳ ಕಡಿಮೆ. 2000ನೇ ಇಸವಿಯಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಒಪ್ಪಂದದ ಉದ್ದೇಶ ಅಲ್ಲಿನ ಬೆಳೆಗಾರನಿಗೆ ಅನುಕೂಲ ಮಾಡುವುದಾಗಿತ್ತು. ವ್ಯಾಪಾರಿಗಳು ವಿಯೆಟ್ನಾಂ ಮೆಣಸನ್ನು ಕೊಲಂಬೊಗೆ ತಂದು, ಶ್ರೀಲಂಕಾದ್ದು ಅಂತ ಸರ್ಟಿಫಿಕೇಟ್ ಮಾಡಿಸಿ ಇಲ್ಲಿಗೆ ಕಳಿಸಿದರು. ನಷ್ಟ ಆದದ್ದು ನಮಗೆ ಮಾತ್ರ ಅಲ್ಲ, ಶ್ರೀಲಂಕಾದ ಬೆಳೆಗಾರರಿಗೂ ಆಯಿತು. ಅವರ ಹೆಸರು ಬಳಸಿಕೊಂಡು ಮೂರನೆಯವರು ಲಾಭ ಮಾಡಿಕೊಂಡರು.

ಹಾಗಾಗಿ ಸಿಟ್ಟು ಎಲ್ಲಿಗೆ ಹೋಗಬೇಕು ಅನ್ನುವುದು ಮುಖ್ಯ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಅನುಮತಿ ಕೊಟ್ಟಿತು. ಕನಿಷ್ಠ ಆಮದು ಬೆಲೆಯ ಷರತ್ತೂ, ಅಂದರೆ ಇಂತಿಷ್ಟಕ್ಕಿಂತ ಕಡಿಮೆ ಬೆಲೆಗೆ ತರಿಸುವಂತಿಲ್ಲ ಅನ್ನುವ ಮಿತಿಯೂ, ಅದಕ್ಕೆ ಇರಲಿಲ್ಲ. ತೀರ್ಥಹಳ್ಳಿ, ಸಾಗರ, ಕೊಪ್ಪ, ಎಲ್ಲ ಕಡೆ ಗಲಾಟೆ ಆಯಿತು. ಬೆಲೆ ಬಿದ್ದೇ ಹೋಯಿತು ಅನ್ನುವ ಹೆದರಿಕೆ. ಲೆಕ್ಕ ನೋಡೋಣ. ಅದು ಹಸಿ ಕಾಯಿ. ಸುಲಿದು ಒಣಗಿಸಿದ ಮೇಲೆ ಉಳಿಯುವುದು ಸಣ್ಣ ಪಾಲು. ನಮ್ಮ ದೇಶದ ಅಡಿಕೆ ವರ್ಷಕ್ಕೆ ಹತ್ತು ಲಕ್ಷ ಟನ್‌ಗೂ ಮೇಲೆ. ಭೂತಾನ್‌ನ ರೈತರಿಂದ ನಮ್ಮ ತೋಟ ಮುಳುಗುವುದಿಲ್ಲ. ಮುಳುಗಿಸುವುದು ಬರ್ಮಾ ಗಡಿ ದಾಟಿ ಈಶಾನ್ಯ ರಾಜ್ಯಗಳಿಗೆ ಕಳ್ಳದಾರಿಯಲ್ಲಿ ಬರುವ ಅಡಿಕೆ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಂದ 351ಕ್ಕೆ ಏರಿತು. ಒಳ್ಳೆಯದೇ. ಆದರೆ ಬಿಲ್ಲೇ ಇಲ್ಲದೆ ಬರುವ ಲೋಡಿಗೆ ಕನಿಷ್ಠ ಬೆಲೆ ಯಾವ ಲೆಕ್ಕ? ಗಡಿ ಮುಚ್ಚಿದಷ್ಟೂ ಕಳ್ಳ ವ್ಯಾಪಾರಕ್ಕೆ ಲಾಭ ಜಾಸ್ತಿ. ನ್ಯಾಯವಾಗಿ, ಲೆಕ್ಕಕ್ಕೆ ಸಿಕ್ಕಿ ಬರುವ ಸರಕನ್ನು ಎದುರಿಸುವುದು ಅದಕ್ಕಿಂತ ಸುಲಭ.

ಇದು ಬರೀ ನಮ್ಮ ಕಷ್ಟ ಅಂತ ಅಂದುಕೊಳ್ಳಬೇಡಿ. ರಷ್ಯಾ ಯುದ್ಧ ಶುರುವಾದ ಮೇಲೆ ಯುರೋಪ್ ಒಕ್ಕೂಟ ಉಕ್ರೇನ್‌ನ ಸರಕಿಗೆ ಸುಂಕ ತೆಗೆಯಿತು. ಕಾರಣ ನ್ಯಾಯವಾದದ್ದೇ. ಆದರೆ ಧಾನ್ಯ ಬಂದು ಬಿದ್ದದ್ದು ಪಕ್ಕದ ಪೋಲೆಂಡ್ ಮಾರುಕಟ್ಟೆಗೆ. ಅಲ್ಲಿನ ರೈತರು ಟ್ರ್ಯಾಕ್ಟರ್ ತಂದು ಗಡಿಯನ್ನೇ ಅಡ್ಡ ಹಾಕಿದರು. ಇಡೀ ಯುರೋಪಿನ ಒಳ್ಳೆಯತನದ ಬಿಲ್ಲು ಗಡಿಯ ಪಕ್ಕದ ಬೆಳೆಗಾರನ ಕೈಗೆ ಬಂದಿತ್ತು. ಅವರ ಫೋಟೊ ನೋಡಿದಾಗ ನನಗೆ ನಮ್ಮವರೇ ಕಂಡರು.

ಒಂದಾಗುವುದು ಅಂದರೆ ಏನು ಅನ್ನುವ ಅನುಭವ ನಮಗೇ ಇದೆ, ಅದನ್ನು ನಾವು ಮರೆತಿದ್ದೇವೆ. ಜೋಗದಲ್ಲಿ ಒಂದು ದಡದ ಬಂಗಲೆಗೆ ಮೈಸೂರು ಬಂಗಲೆ ಅಂತ, ಎದುರಿನ ದಡದ್ದಕ್ಕೆ ಬಾಂಬೆ ಬಂಗಲೆ ಅಂತ ಹೆಸರು ಬಂದದ್ದು ಸುಮ್ನೆ ಅಲ್ಲ. ಸಾಗರ ಮೈಸೂರಿಗೆ ಸೇರಿತ್ತು, ಸಿದ್ದಾಪುರ ಮುಂಬೈ ಪ್ರಾಂತ್ಯಕ್ಕೆ. ಎರಡೂ ಕಡೆ ಅದೇ ಕನ್ನಡ, ಅದೇ ಅಡಿಕೆ, ಹೆಣ್ಣು ಕೊಟ್ಟು ತಂದ ನೆಂಟಸ್ತಿಕೆ. ಆದರೂ 1956ರ ನವೆಂಬರ್ 1ಕ್ಕೆ ಮುಂಚೆ ಹಳೆ ಮೈಸೂರಿನಲ್ಲಿ ಏಕೀಕರಣ ಬೇಡ ಅಂದವರು ಬಹಳ ಜನ ಇದ್ದರು. ಮೈಸೂರಿನಲ್ಲಿ ಕರೆಂಟ್ ಇತ್ತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇತ್ತು, ಕಾಲೇಜುಗಳಿದ್ದವು. ಹಿಂದುಳಿದ ಜಿಲ್ಲೆಗಳು ಬಂದು ಸೇರಿದರೆ ನಮ್ಮ ದುಡ್ಡು ಅಲ್ಲಿಗೆ ಹೋಗುತ್ತದೆ ಅನ್ನುವ ವಾದ. ಹಳೆ ಮೈಸೂರಿನ ಕೊನೆಯ ಮುಖ್ಯಮಂತ್ರಿ ನಮ್ಮ ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು. ಅಕ್ಟೋಬರ್ 31ರವರೆಗೆ ಆ ಕುರ್ಚಿಯಲ್ಲಿದ್ದರು. ನಮ್ಮ ಶಿವಮೊಗ್ಗ ಜಿಲ್ಲೆಯವರೇ ಆದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಏಕೀಕರಣದ ಪರ ಗಟ್ಟಿಯಾಗಿ ನಿಂತರು. ಗೋಪಾಲಗೌಡರು ನಿಂತ ಕಡೆಯೇ ಸರಿ ಅಂತ ನನ್ನ ನಂಬಿಕೆ. ಆದರೆ ಹೆದರಿದವರ ಪ್ರಶ್ನೆಯೂ ಸುಳ್ಳಲ್ಲ, ಸೇರಿದವರ ದೂರೂ ಸುಳ್ಳಲ್ಲ. ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳು ಹಿಂದುಳಿದಿವೆ ಅಂತ ವರದಿ ಕೊಟ್ಟದ್ದು 2002ರಲ್ಲಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದು ಅದಕ್ಕೂ ಹತ್ತು ವರ್ಷದ ಮೇಲೆ. ಒಂದೇ ಭಾಷೆ ಆಡುವವರು ಒಂದಾದ ಮೇಲೂ ಹಂಚಿಕೆ ಸರಿ ಮಾಡಲು ಇಷ್ಟು ಕಾಲ ಹಿಡಿಯಿತು.

ಇವತ್ತಿಗೂ ನಾವು ತೆರಿಗೆ ಪಾಲಿನ ಬಗ್ಗೆ ಜಗಳ ಮಾಡುತ್ತಿದ್ದೇವೆ, ಅಲ್ವಾ? ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇಕಡಾ 4.713 ಇತ್ತು. 15ನೆಯದರಲ್ಲಿ 3.647ಕ್ಕೆ ಇಳಿಯಿತು. ಒಂದೇ ದೇಶ, ಒಂದೇ ಸಂವಿಧಾನ ಇದ್ದೂ ನಮಗೆ ಇಷ್ಟು ನೋವಾಗುತ್ತದೆ. ಹಾಗಾದರೆ ಯುರೋ ನೋಟು ಒಂದೇ ಅಂದ ಮಾತ್ರಕ್ಕೆ ಜರ್ಮನಿಯ ತೆರಿಗೆದಾರ ಗ್ರೀಸ್‌ನ ಸಾಲಕ್ಕೆ ಯಾಕೆ ಸುಮ್ಮನೆ ದುಡ್ಡು ಕೊಡುತ್ತಾನೆ?

ನೋಟು ಒಂದೇ ಬೇಡ ಅಂತ ನಾನು ಹೇಳುವುದು ಇದೇ ಕಾರಣಕ್ಕೆ. ಗ್ರೀಸ್ 2001ರಲ್ಲಿ ಯುರೋಗೆ ಸೇರಿತು. 2010ರಲ್ಲಿ ಸಾಲ ತೀರಿಸಲಾಗದೆ ಕುಸಿಯಿತು. ತನ್ನದೇ ನೋಟು ಇದ್ದಿದ್ದರೆ ಅದರ ಬೆಲೆ ಇಳಿದು ಸರಕು ಅಗ್ಗವಾಗಿ, ಪ್ರವಾಸಿಗರು ಬಂದು, ಸ್ವಲ್ಪ ಉಸಿರಾಡಬಹುದಿತ್ತು. ಆ ದಾರಿಯೇ ಇರಲಿಲ್ಲ. ಸಂಬಳ, ಪಿಂಚಣಿ ಕಡಿತ ಮಾಡಿದರು. 2013ರಲ್ಲಿ ದುಡಿಯಲು ಸಿದ್ಧವಿದ್ದ ನೂರು ಜನರಲ್ಲಿ 27 ಜನಕ್ಕೆ ಕೆಲಸ ಇರಲಿಲ್ಲ. ಅದೇ 2022ರಲ್ಲಿ ಶ್ರೀಲಂಕಾ ದಿವಾಳಿಯಾದಾಗ ನೋಡಿ. ಭಾರತ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. ಎಣ್ಣೆ, ಅಕ್ಕಿ, ಔಷಧಿ ಹೋಯಿತು. ಅದಕ್ಕೆ ಒಂದೇ ನೋಟು ಬೇಕಾಗಲಿಲ್ಲ.

ಇನ್ನೊಬ್ಬರ ನೋಟನ್ನು ನೆಚ್ಚಿಕೊಂಡರೆ ಏನಾಗುತ್ತದೆ ಅಂತ ನೇಪಾಳದವರನ್ನು ಕೇಳಬೇಕು. ಅವರ ರೂಪಾಯಿ 1993ರಿಂದ ನಮ್ಮ ರೂಪಾಯಿಗೆ ಕಟ್ಟಿಕೊಂಡಿದೆ, ನಮ್ಮ ನೂರಕ್ಕೆ ಅವರ ನೂರಾ ಅರವತ್ತು. ಶಿವಮೊಗ್ಗದ ಹೋಟೆಲ್ ಅಡುಗೆಮನೆಗಳಲ್ಲಿ, ರಾತ್ರಿ ಕಾವಲಿನಲ್ಲಿ ದುಡಿಯುವ ನೇಪಾಳಿಗಳು ಊರಿಗೆ ಒಯ್ಯುವುದು ಭಾರತದ ನೋಟನ್ನೇ. 2016ರ ನವೆಂಬರ್ 8ರ ರಾತ್ರಿ ದಿಲ್ಲಿಯಲ್ಲಿ ನೋಟು ರದ್ದಾದಾಗ ನೇಪಾಳದ ಮನೆಗಳಲ್ಲಿದ್ದ ಐನೂರು, ಸಾವಿರದ ನೋಟುಗಳೂ ಸತ್ತವು. ಅಲ್ಲಿನ ಸರ್ಕಾರ ವರ್ಷಗಟ್ಟಲೆ ಕೇಳಿದರೂ ಬದಲಿಸಿ ಕೊಡಲಿಲ್ಲ. ಅದಕ್ಕೂ ಒಂದು ವರ್ಷ ಹಿಂದೆ ಗಡಿಯಲ್ಲಿ ಲಾರಿಗಳು ನಿಂತು ತಿಂಗಳುಗಟ್ಟಲೆ ಗ್ಯಾಸ್, ಪೆಟ್ರೋಲಿಗೆ ಪರದಾಡಿದ್ದರು. ಇಷ್ಟಾದ ಮೇಲೆ ಭಾರತದ ಜೊತೆ ಇನ್ನೂ ಹತ್ತಿರ ಬನ್ನಿ ಅಂದರೆ ಅವರು ಅನುಮಾನ ಪಡುವುದು ಸಹಜ. ಅವರನ್ನು ಕೃತಘ್ನರು ಅಂತ ಬರೆಯುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಸಣ್ಣ ದೇಶಕ್ಕೆ ಬೇಡ ಅನ್ನುವ ಹಕ್ಕು ಇಲ್ಲದಿದ್ದರೆ ಅದನ್ನು ಒಕ್ಕೂಟ ಅನ್ನಲಾಗದು. 2015ರಲ್ಲಿ ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ಸೇರಿ ಒಂದು ದೇಶದ ಲಾರಿ, ಬಸ್ಸು ಇನ್ನೊಂದರಲ್ಲಿ ಓಡಾಡುವ ಒಪ್ಪಂದಕ್ಕೆ ಸಹಿ ಹಾಕಿದವು. ಭೂತಾನ್‌ನ ಮೇಲ್ಮನೆ ಒಪ್ಪಲಿಲ್ಲ. ಅಷ್ಟು ಲಾರಿಯ ಭಾರ ನಮ್ಮ ಬೆಟ್ಟದ ರಸ್ತೆ ತಾಳುವುದಿಲ್ಲ, ಪರಿಸರ ಹಾಳಾಗುತ್ತದೆ ಅನ್ನುವ ಚಿಂತೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಲೋಡ್ ಲಾರಿ ಬಿಡಬಾರದು ಅನ್ನುವ ನಮಗೆ ಆ ಚಿಂತೆ ಅರ್ಥವಾಗಬೇಕು. ಯುರೋಪಿನಲ್ಲಿ ಮಾಲ್ಟಾ ಅಂತ ಒಂದು ದೇಶ, ನಮ್ಮ ಜಿಲ್ಲೆಯ ಜನಸಂಖ್ಯೆಯ ಮೂರನೇ ಒಂದು ಪಾಲಿನಷ್ಟು ಜನ. ಯುರೋಪಿನ ಸಂಸತ್ತಿನಲ್ಲಿ ಅದಕ್ಕೆ 6 ಸೀಟು, ಎಂಟು ಕೋಟಿಗೂ ಮೇಲಿರುವ ಜರ್ಮನಿಗೆ 96. ಜನರ ಲೆಕ್ಕದಲ್ಲಿ ಹಂಚಿದ್ದರೆ ಮಾಲ್ಟಾದ ದನಿ ಕೇಳುತ್ತಲೇ ಇರಲಿಲ್ಲ. ದಕ್ಷಿಣ ಏಷ್ಯಾದ ಜನರಲ್ಲಿ ನಾಲ್ಕರಲ್ಲಿ ಮೂರು ಪಾಲು ನಾವೇ. ಇಲ್ಲಿ ಒಂದೇ ಸಂಸತ್ತು ಅಂದರೆ ಉಳಿದವರಿಗೆ ಅದು ದಿಲ್ಲಿಯ ಆಳ್ವಿಕೆ ಅನ್ನಿಸುತ್ತದೆ. ಅವಸರದಲ್ಲಿ ಸರ್ಕಾರಗಳನ್ನೇ ಬೆಸೆದವರ ಕಥೆ ಗೊತ್ತೇ ಇದೆ. ಈಜಿಪ್ಟ್, ಸಿರಿಯಾ 1958ರಲ್ಲಿ ಒಂದಾಗಿ 1961ಕ್ಕೆ ಬೇರೆಯಾದವು. ಸಿಂಗಪುರ ಮಲೇಷ್ಯಾದೊಳಗೆ ಇದ್ದದ್ದು ಎರಡೇ ವರ್ಷ.

ಹಾಗಾದರೆ ಎಲ್ಲಿಂದ ಶುರು ಮಾಡಬಹುದು? ಕರೆಂಟಿನಿಂದ. ಅದು ಶುರುವಾಗಿದೆ ಕೂಡ. 2024ರಲ್ಲಿ ಆದ ಒಪ್ಪಂದದ ಪ್ರಕಾರ ನೇಪಾಳದ 40 ಮೆಗಾವಾಟ್ ವಿದ್ಯುತ್ ಭಾರತದ ತಂತಿಯ ಮೇಲೆ ಹಾದು ಬಾಂಗ್ಲಾದೇಶಕ್ಕೆ ಹೋಗುತ್ತಿದೆ. ಮಳೆಗಾಲದಲ್ಲಿ ನೇಪಾಳದ ನದಿಗಳು ತುಂಬಿ ಅವರಿಗೆ ವಿದ್ಯುತ್ ಹೆಚ್ಚಾಗುತ್ತದೆ, ಚಳಿಗಾಲದಲ್ಲಿ ಕಡಿಮೆ ಬಿದ್ದು ನಮ್ಮಿಂದ ಕೊಳ್ಳುತ್ತಾರೆ. ಇಬ್ಬರಿಗೂ ಕೆಲಸಕ್ಕೆ ಬರುವ ವ್ಯವಹಾರ. ಕಲ್ಲಿದ್ದಲು, ಉಕ್ಕಿನಿಂದ ಶುರು ಮಾಡಿದವರ ದಾರಿ ಇದೇ.

ಆದರೆ ಕರೆಂಟ್ ಅಂದಾಗ ಸಾಗರ, ಹೊಸನಗರದವರಿಗೆ ಶರಾವತಿ ನೆನಪಾಗದೆ ಇರುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆಯಿತು. ಇಡೀ ರಾಜ್ಯಕ್ಕೆ ಬೆಳಕು ಬಂತು. ಮನೆ, ಗದ್ದೆ, ತೋಟ ಬಿಟ್ಟು ಎದ್ದು ಬಂದ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ನನಗೆ ಈ ಇಡೀ ಚರ್ಚೆಯ ತಿರುಳು ಅಲ್ಲೇ ಇದೆ. ಒಟ್ಟು ಲಾಭ ನಷ್ಟಕ್ಕಿಂತ ಜಾಸ್ತಿ ಅಂತ ಅರ್ಥಶಾಸ್ತ್ರ ಓದಿದವರು ತೋರಿಸುತ್ತಾರೆ, ಬಹಳ ಸಲ ಅದು ನಿಜ ಕೂಡ. ಆದರೆ ಲಾಭ ಕೋಟಿ ಜನರಿಗೆ ಚೂರುಚೂರಾಗಿ ಹೋಗುತ್ತದೆ, ನಷ್ಟ ಕೆಲವೇ ಊರುಗಳ ಮೇಲೆ ಇಡಿಯಾಗಿ ಬೀಳುತ್ತದೆ. ಆ ಊರುಗಳ ಲೆಕ್ಕ ಮೊದಲೇ ಚುಕ್ತಾ ಮಾಡಬೇಕು. ಯುರೋಪ್ ಒಕ್ಕೂಟದಲ್ಲಿ ವ್ಯಾಪಾರದ ಏರುಪೇರಿನಿಂದ ಕೆಲಸ ಕಳೆದುಕೊಂಡವರಿಗೆ ಅಂತಲೇ 2007ರಿಂದ ಒಂದು ನಿಧಿ ನಡೆಯುತ್ತಿದೆ. ನಮ್ಮ ಯಾವ ಒಪ್ಪಂದದಲ್ಲೂ ಬೆಳೆಗಾರನಿಗೆ ಅಂಥ ನಿಧಿ ಇಲ್ಲ.

ಗಡಿ ದಾಟಿ ಒಟ್ಟಾಗುವುದು ಬೆಳೆಗಾರರಿಗೆ ಹೊಸದೂ ಅಲ್ಲ. 1973ರಲ್ಲಿ ಅಡಿಕೆ ಬೆಳೆಗಾರರು ಕಷ್ಟದಲ್ಲಿದ್ದಾಗ ಕರ್ನಾಟಕ, ಕೇರಳ ಎರಡೂ ಸೇರಿ ಕ್ಯಾಂಪ್ಕೊ ಅನ್ನುವ ಸಹಕಾರ ಸಂಘ ಕಟ್ಟಿದವು. ನಮ್ಮ ಮಲೆನಾಡಿನ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ 1939ರಿಂದ ಇದೆ. ಇಂಥ ಸಂಘಗಳು ಭೂತಾನ್, ಶ್ರೀಲಂಕಾದ ಬೆಳೆಗಾರರ ಜೊತೆ ನೇರವಾಗಿ ಯಾಕೆ ಮಾತಾಡಬಾರದು? ಸುಳ್ಳು ಸರ್ಟಿಫಿಕೇಟ್ ಹಿಡಿಯುವುದರಲ್ಲಿ ಅವರಿಗೂ ನಮಗೂ ಲಾಭ ಇದೆ.

ನಮ್ಮ ಸಹಕಾರ ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಾನು ಎರಡು ಬೇಡಿಕೆ ಇಡುತ್ತೇನೆ. ಮೆಣಸು, ಅಡಿಕೆ ಯಾವ ದೇಶದಲ್ಲಿ ಬೆಳೆದದ್ದು ಅಂತ ಬಂದರಿನಲ್ಲೇ ಪರೀಕ್ಷೆ ಆಗಬೇಕು, ಬರೀ ಕಾಗದ ನೋಡಿ ಬಿಡಬಾರದು. ಆಮದು ಸುಂಕದಲ್ಲಿ ಒಂದು ಪಾಲು ಅಡಿಕೆಯ ಎಲೆಚುಕ್ಕಿ ರೋಗದ ಸಂಶೋಧನೆಗೆ, ಬೆಲೆ ಕುಸಿದ ವರ್ಷದ ಪರಿಹಾರಕ್ಕೆ ಮೀಸಲಾಗಬೇಕು. ಭೂತಾನ್ ಅಡಿಕೆ ನಿಲ್ಲಿಸಿ ಅನ್ನುವ ಠರಾವು ಬಂದರೆ ನಾನು ಕೈ ಎತ್ತುವುದಿಲ್ಲ.