ಚಿತ್ರಾನ್ನಕ್ಕಿರುವ ಸೆಕ್ಯುರಿಟಿ

ಬೆಳ್ಳಂದೂರಿನ ನಮ್ಮ ಟೆಕ್ ಪಾರ್ಕಿನ ಗೇಟಿನಲ್ಲಿ ನನ್ನ ಚಿತ್ರಾನ್ನದ ಡಬ್ಬಿ ದಿನಾ ಸ್ಕ್ಯಾನರ್ ಒಳಗೆ ಹೋಗಿ ಬರುತ್ತದೆ. ಆಮೇಲೆ ನನ್ನ ಸರದಿ. ಐಡಿ ಕಾರ್ಡ್, ಮುಖ, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್. ಪೆನ್‌ಡ್ರೈವ್ ಇದ್ದರೆ ಅಲ್ಲೇ ಬಿಟ್ಟು ಹೋಗಬೇಕು.

"ದಿನಾ ನೋಡ್ತೀರಲ್ಲ ಅಣ್ಣಾ, ನಾನೇ ಅಲ್ವಾ?" ಅಂತ ಒಮ್ಮೆ ಕೇಳಿದೆ. ಸೆಕ್ಯುರಿಟಿ ಅಣ್ಣ ರಾಯಚೂರು ಕಡೆಯವರು. "ನೀವೇ ರೀ ಸರ. ಆದ್ರೂ ಕಾರ್ಡ್ ತೋರಿಸ್ರಿ" ಅಂದರು.

ಮೂರನೇ ಮಹಡಿ ಮಾತ್ರ ಬೇರೆಯದೇ ಲೋಕ. ಅಲ್ಲಿ ನಮ್ಮ ಬಿಲ್ಡ್ ಪೈಪ್‌ಲೈನ್ ಇದೆ. ನಾವು ಬರೆದ ಕೋಡ್ ತೆಗೆದುಕೊಂಡು, ಬೇಕಾದ ಲೈಬ್ರರಿಗಳನ್ನೆಲ್ಲ (ಬೇರೆಯವರು ಬರೆದಿಟ್ಟ ರೆಡಿಮೇಡ್ ಕೋಡ್) ಇಂಟರ್ನೆಟ್‌ನಿಂದ ಎಳೆದುಕೊಂಡು, ಟೆಸ್ಟ್ ಮಾಡಿ, ಗ್ರಾಹಕರ ಸರ್ವರ್‌ಗೆ ತಾನೇ ಮುಟ್ಟಿಸುತ್ತದೆ. ಯಾರ ಕೈಯೂ ತಾಗುವುದಿಲ್ಲ ಅಂತ ನಮಗೆ ಹೆಮ್ಮೆ. ಯಾರ ಕಣ್ಣೂ ಬೀಳುವುದಿಲ್ಲ ಅನ್ನುವುದು ಬೇರೆ ಮಾತು. ಅದರಲ್ಲಿ ಒಂದು ಸಾಲಿದೆ: ಇಂಥ ಸೈಟಿನಿಂದ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಇಳಿಸು, ಇಳಿಸಿದ ಕೂಡಲೇ ಓಡಿಸು. ಆ ಸೈಟ್ ಯಾರದು? ಸಾಲು ಬರೆದವನಿಗೆ ಗೊತ್ತು. ಅವನು ಕೆಲಸ ಬಿಟ್ಟು ಟೊರಾಂಟೊ ಸೇರಿ ಐದು ವರ್ಷವಾಯಿತು. ಅವನ ಟೋಕನ್, ಅಂದರೆ ಡಿಜಿಟಲ್ ಕೀಲಿ, ಮಾತ್ರ ರಜೆ ಹಾಕದೆ ಇಲ್ಲೇ ದುಡಿಯುತ್ತಿದೆ. ಪ್ರೊಡಕ್ಷನ್ನಿನ, ಅಂದರೆ ಗ್ರಾಹಕರು ಬಳಸುವ ಅಸಲಿ ಸರ್ವರ್‌ಗಳ, ಬೀಗಗಳೆಲ್ಲ ಅದಕ್ಕೆ ತೆರೆಯುತ್ತವೆ.

"ಇದನ್ನ ಬದಲಾಯಿಸೋಣ್ವಾ ಸರ್?" ಅಂದೆ. "ಸುಮ್ನೆ ಇರು ಮಾರಾಯ, ಬಿಲ್ಡ್ ಕೆಂಪಾದ್ರೆ ಶುಕ್ರವಾರದ ರಿಲೀಸ್ ಹೋಯ್ತು" ಅಂದರು ಮ್ಯಾನೇಜರ್. ನಮ್ಮಲ್ಲಿ ಬಿಲ್ಡ್ ಪಾಸಾದಾಗ ಬೀಳುವ ಹಸಿರು ಟಿಕ್ ಅಂದರೆ ಪ್ರಸಾದ. ಕಣ್ಣಿಗೊತ್ತಿಕೊಳ್ಳಬೇಕು, ಏನು ಹಾಕಿದ್ದೀರಿ ಅಂತ ಭಟ್ಟರನ್ನು ಕೇಳಬಾರದು.

ಕೇಳದವರ ಕಥೆ ಜಗತ್ತಿನಲ್ಲಿ ಬೇಕಾದಷ್ಟಿದೆ. ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಅಮೆರಿಕದ ಸೋಲಾರ್‌ವಿಂಡ್ಸ್ ಕಂಪನಿಯ ಬಿಲ್ಡ್ ವ್ಯವಸ್ಥೆಯೊಳಗೇ ಕಳ್ಳರು ಕೂತಿದ್ದರು. ಅದು ಬಯಲಾಗಿದ್ದು 2020ರ ಡಿಸೆಂಬರಿನಲ್ಲಿ. ಹಾಲಿನ ಪ್ಯಾಕೆಟ್ಟಿಗೆ ಸೀಲ್ ಬೀಳುವ ಮೊದಲೇ ಡೇರಿಯಲ್ಲಿ ವಿಷ ಬೆರೆಸಿದ ಹಾಗೆ. ಮೇಲೆ ಕಂಪನಿಯದೇ ಅಸಲಿ ಸಹಿ. ಆ ಅಪ್‌ಡೇಟ್ ತಲುಪಿದ್ದು ಸುಮಾರು 18,000 ಗ್ರಾಹಕರಿಗೆ. ಮರುವರ್ಷ, ಟೆಸ್ಟ್‌ಗಳು ಎಷ್ಟು ಕೋಡನ್ನು ಮುಟ್ಟುತ್ತವೆ ಅಂತ ಅಳೆಯುವ ಕೋಡ್‌ಕವ್ ಕಂಪನಿಯ ಸ್ಕ್ರಿಪ್ಟನ್ನು ಕಳ್ಳರು ತಿದ್ದಿದರು. ಎರಡು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಪತ್ತೆ ಮಾಡಿದ್ದು, ಇಳಿಸಿಕೊಂಡ ಫೈಲಿನ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿದ ಒಬ್ಬ ಗ್ರಾಹಕ. ಮಾರ್ಕೆಟ್ಟಿನಿಂದ ತಂದ ಬೀನ್ಸನ್ನು ಮನೆಯಲ್ಲಿ ಮತ್ತೆ ತೂಗುವ ಅಜ್ಜಿಯರಿರುತ್ತಾರಲ್ಲ, ಆ ಜಾತಿ.

ನನಗೆ ಜಾಸ್ತಿ ಇಷ್ಟವಾದದ್ದು 2025ರ ಮಾರ್ಚಿನ ಪ್ರಕರಣ. ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಚೇಂಜ್ಡ್-ಫೈಲ್ಸ್ ಅಂತ ಒಂದು ಆ್ಯಕ್ಷನ್, ಅಂದರೆ ಪೈಪ್‌ಲೈನಿಗೆ ಸೇರಿಸಿಕೊಳ್ಳುವ ಸಿದ್ಧ ತುಣುಕು. 23,000ಕ್ಕೂ ಹೆಚ್ಚು ರೆಪೊಸಿಟರಿಗಳು (ಕೋಡಿನ ಗೋದಾಮುಗಳು) ಅದನ್ನು ನಂಬಿಕೊಂಡಿದ್ದವು. ಯಾವ ಫೈಲ್ ಬದಲಾಗಿದೆ ಅಂತ ಹೇಳುವುದೇ ಅದರ ಕೆಲಸ. ಒಂದು ದಿನ ಅದೇ ಬದಲಾಯಿತು. ಅದೊಂದನ್ನು ಹೇಳಲಿಲ್ಲ. ಹಳೇ ವರ್ಷನ್ನಿನ ಟ್ಯಾಗ್‌ಗಳನ್ನೂ (ಹೆಸರಿನ ಚೀಟಿಗಳನ್ನೂ) ಕಳ್ಳರು ಹೊಸ ಕೋಡಿನ ಕಡೆ ತಿರುಗಿಸಿದ್ದರು. ಹೋಟೆಲಿನ ಬೋರ್ಡ್ ಅದೇ, ಅಡುಗೆಯವರು ಬೇರೆ. ಒಳಗಿದ್ದ ಗುಟ್ಟಿನ ಕೀಗಳೆಲ್ಲ ಬಿಲ್ಡ್ ಲಾಗ್‌ನಲ್ಲಿ, ಅಂದರೆ ಬಿಲ್ಡಿನ ದಿನಚರಿಯಲ್ಲಿ, ಅಚ್ಚಾದವು. ಲಾಗ್ ಸಾರ್ವಜನಿಕವಾಗಿದ್ದವರದ್ದನ್ನು ಊರೆಲ್ಲ ಓದಬಹುದಿತ್ತು. ಟ್ಯಾಗ್ ನಂಬದೆ ಕಮಿಟ್‌ನ (ಕೋಡಿನ ಒಂದು ನಿರ್ದಿಷ್ಟ ರೂಪದ) ಪೂರ್ತಿ ಹ್ಯಾಶ್, ಅಂದರೆ ಬದಲಾಗದ ಗುರುತು ಸಂಖ್ಯೆ, ಬರೆದಿಟ್ಟುಕೊಂಡವರು ಬಹುತೇಕ ಬಚಾವಾದರು.

ಈ ಸುದ್ದಿ ಬಂದಾಗ ನಮ್ಮಲ್ಲೂ ತುರ್ತು ಮೀಟಿಂಗ್ ಆಯಿತು. ಎರಡು ಗಂಟೆ, ನಲವತ್ತು ಸ್ಲೈಡು, ಫಿಲ್ಟರ್ ಕಾಫಿ. ಭದ್ರತೆ ಬಿಗಿ ಮಾಡಲೇಬೇಕು ಅಂತ ಒಮ್ಮತದ ತೀರ್ಮಾನ. ಮುಂದಿನ ವಾರವೇ ಗೇಟಿಗೆ ಇನ್ನೊಂದು ಸ್ಕ್ಯಾನರ್ ಬಂತು.

ಮೊನ್ನೆ ಸಂಜೆ ಹೊರಡುವಾಗ ಡಬ್ಬಿ ಎರಡನೇ ಸ್ಕ್ಯಾನರ್ ದಾಟಿತು. ಸೆಕ್ಯುರಿಟಿ ಅಣ್ಣ ಕೈ ಅಡ್ಡ ಹಿಡಿದರು.

"ನಿಲ್ರಿ ಸರ. ಮುಂಜಾನೆ ಮುಚ್ಚಳ ನೀಲಿ ಇತ್ತಲ್ರಿ? ಈಗ ಹಸಿರು ಐತಿ."

ಊಟದ ಹೊತ್ತಲ್ಲಿ ಪಕ್ಕದವನ ಡಬ್ಬಿಯ ಮುಚ್ಚಳ ಅದಲುಬದಲಾಗಿತ್ತು. ಅವನನ್ನು ಫೋನ್ ಮಾಡಿ ಕೆಳಗೆ ಕರೆಸಿ, ನೀಲಿ ಮುಚ್ಚಳ ತೋರಿಸಿ, ರಿಜಿಸ್ಟರ್‌ನಲ್ಲಿ ಇಬ್ಬರೂ ಸಹಿ ಹಾಕಿದ ಮೇಲೆಯೇ ಬಿಟ್ಟರು.